ಅತ್ತವರೇ ಅಂಕ ಕೊಡುವ ಪರೀಕ್ಷೆ

ಫೆಬ್ರವರಿ ೨೬

ಲೌರಿ ಪ್ಯೂ ಫೇಲಾದಳು. ನನ್ನ ಹೆಸರನ್ನು ನಾನೇ ಹೀಗೆ ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ.

ಹದಿನೆಂಟಕ್ಕೆ ಶಾಲೆ ಮುಗಿಸಿ ಅಬರ್‌ಡೇರ್ ಪೇಟೆಯ ಡೆಲಿತ್ ಪ್ರಾಸರ್ ಅವರ ಕಚೇರಿಗೆ ಸೇರಿದವಳು ನಾನು. ಗೆಳತಿಯರು ಕಾಲೇಜಿಗೆ ಹೋದರು, ನಾನು ಕೆಲಸ ಮಾಡುತ್ತಲೇ ಸಾಲಿಸಿಟರ್ ಆಗುವ ದಾರಿ ಹಿಡಿದೆ. ಆರು ವರ್ಷ. ಕಾನೂನಿನ ಪತ್ರಿಕೆಗಳಲ್ಲಿ ನನ್ನನ್ನು ಹಿಂದೆ ಹಾಕಿದವರು ಕಡಿಮೆ. ಕೊನೆಯದು, ಕೆಲಸ ಮಾಡಿ ತೋರಿಸುವ ಪರೀಕ್ಷೆ. ಕರಾರು ಬರೆದೆ, ನ್ಯಾಯಾಧೀಶರ ಮುಂದೆ ವಾದಿಸಿದೆ, ಎಲ್ಲಾ ಸರಿ. ಕಕ್ಷಿದಾರರ ಜೊತೆ ಮಾತಾಡುವ ಭಾಗ ಮಾತ್ರ ನೆಲಕಚ್ಚಿ, ಉಳಿದದ್ದನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ಈಗ ಎಲ್ಲವನ್ನೂ ಮೊದಲಿಂದ ಬರೆಯಬೇಕು.

ಅಲ್ಲಿ ನಡೆಯುವುದು ಇಷ್ಟು. ಬಾಡಿಗೆಗೆ ತಂದ ನಟರೊಬ್ಬರು ಕಕ್ಷಿದಾರರಾಗಿ ಎದುರು ಕೂರುತ್ತಾರೆ. ಯಾರೋ ಸತ್ತಿರುತ್ತಾರೆ, ಇಲ್ಲವೇ ಮನೆ ಮಾರಬೇಕಿರುತ್ತದೆ. ಅವರು ಹೇಳಬೇಕು, ನಾವು ಕೇಳಬೇಕು. ಕೊನೆಗೆ ಅಂಕ ಕೊಡುವವರೂ ಅವರೇ. ಈ ಹುಡುಗಿಯನ್ನು ನಂಬಿ ನನ್ನ ಸಂಕಟ ಹೇಳಿಕೊಳ್ಳಬಹುದೇ, ಇದೇ ಪ್ರಶ್ನೆ. ನನಗೆ ಬಂದ ಉತ್ತರ ಇಲ್ಲ ಎಂದು.

ಡೆಲಿತ್ ಬಯ್ಯಲಿಲ್ಲ. "ನಾನು ವರ್ಷದ ಕೊನೇಲಿ ಕೆಲಸ ಕಡಿಮೆ ಮಾಡ್ಕೋತೀನಿ ಲೌರಿ. ಈ ಕುರ್ಚೀಲಿ ನೀನು ಕೂತ್ಕೋಬೇಕು ಅಂತ ನನ್ನಾಸೆ. ಜುಲೈನಲ್ಲಿ ಪಾಸಾಗು. ಇಲ್ಲಾಂದ್ರೆ ಬೇರೆಯವರನ್ನ ಕರ್ಕೊಂಡು ಬರಬೇಕಾಗುತ್ತೆ," ಎಂದರು. ಅಂದರೆ ಆಮೇಲೆ ನಾನು ಸಾಯುವ ತನಕ ಯಾರದೋ ಕೈಕೆಳಗಿನ ಗುಮಾಸ್ತೆ.

ರಾತ್ರಿ ಊಟಕ್ಕೆ ಕುರಿಮಾಂಸದ ಸಾರು. ಅಮ್ಮನಿಗೆ ಹೇಳಿದೆ.

"ಅತ್ತವರೇ ಮಾರ್ಕ್ಸ್ ಕೊಡ್ತಾರಾ? ಹಂಗಿದ್ರೆ ನೀನು ಫೇಲಾಗಿದ್ದು ಸರಿಯಾಗೇ ಇದೆ ಬಿಡು."

"ಅಮ್ಮಾ!"

"ಮತ್ತೇನೇ? ಹಲ್ಲುನೋವು ಅಂತ ಹೇಳೋಕೆ ಬಂದ್ರೆ, 'ಹಲ್ಲು' ಅನ್ನೋಷ್ಟರಲ್ಲಿ ಡಾಕ್ಟರ ನಂಬರು ಕೈಗೆ ತುರುಕ್ತೀಯ. ನೋವು ನನ್ನ ಬಾಯಲ್ಲೇ ಉಳಿದುಹೋಗುತ್ತೆ."

ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಬಡಿಸುವ ಹೆಂಗಸಿನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಮಾತು ತಪ್ಪಿಸಲು ಇವತ್ತು ಕಚೇರಿಗೆ ಬಂದಿದ್ದ ಹಿರ್ವಾನ್ ಊರಿನ ದಂಪತಿಯ ಕಥೆ ಹೇಳಿದೆ. ಗಂಡನಿಗೆ ಕಾರ್ಡಿಫ್‌ನಲ್ಲಿ ಇನ್ನೊಬ್ಬಳಿದ್ದಾಳೆ, ಅದು ಹೆಂಡತಿಗೆ ಗೊತ್ತಾಗಿದ್ದು ಇಸ್ತ್ರಿ ಅಂಗಡಿಯಲ್ಲಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟರ ಮಟ್ಟಿಗೆ ದಿನ ಕಳೆಯಿತು.

ಮಾರ್ಚ್ ೧೨

ಡೆಲಿತ್ ಒಂದು ಉಪಾಯ ಮಾಡಿದ್ದಾರೆ. ಪ್ರಾರ್ಥನೆಗೆ ಹೋಗುವ ಚಾಪೆಲ್ ಪಕ್ಕದ ಹಾಲ್‌ನಲ್ಲಿ ನಾಟಕ ಆಡುವ ಸಂಘದವರು ಪ್ರತಿ ಗುರುವಾರ ಎರಡು ಗಂಟೆಗೆ ಒಬ್ಬೊಬ್ಬರಾಗಿ ಕಕ್ಷಿದಾರರಂತೆ ಬರುತ್ತಾರೆ. ಯಾರು, ಯಾವ ಕಥೆ, ನನಗೆ ಮೊದಲೇ ಗೊತ್ತಿರುವುದಿಲ್ಲ.

ಇವತ್ತು ಮಾಂಸದಂಗಡಿ ಎಲ್ವಿನ್ ಬಂದಿದ್ದ. ನಾನು ಹುಟ್ಟಿದಾಗಿನಿಂದ ಇವನ ಹತ್ತಿರ ಸಾಸೇಜು ಕೊಂಡಿದ್ದೇವೆ. ಇವನಿಗೆ ತಮ್ಮ ಇಲ್ಲ ಎಂದು ಊರಿಗೇ ಗೊತ್ತು. ಆದರೆ ಕುರ್ಚಿಯಲ್ಲಿ ಕೂತು ಸತ್ತ ತಮ್ಮನ ಉಯಿಲಿನ ಮಾತು ತೆಗೆದವನೇ ಬಿಕ್ಕುತ್ತಾ ಆ ದಪ್ಪ ಕೆಂಪು ಕೈಗಳಿಂದ ಮುಖ ಮುಚ್ಚಿಕೊಂಡ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಇಲ್ಲದ ತಮ್ಮನಿಗೆ ಇಷ್ಟು ಕಣ್ಣೀರು ಎಲ್ಲಿಂದ ತರುತ್ತಾನೆ ಮನುಷ್ಯ! ಮುಗಿದ ಮೇಲೆ ಮೂಗು ಒರೆಸಿಕೊಂಡು, "ಹೆಂಗಿತ್ತು? ಕೊನೇದು ಸ್ವಲ್ಪ ಜಾಸ್ತಿ ಆಯ್ತೇನೋ?" ಎಂದು ಕೇಳಿದ.

"ನನಗೆ ಎಷ್ಟು ಕೊಡ್ತೀಯ ಅದು ಹೇಳು," ಎಂದೆ.

"ನಿಂಗಾ? ನೀನು ಪೂರ್ತಿ ಹೊತ್ತು ಗಡಿಯಾರ ನೋಡ್ತಿದ್ದೆ ಕಣಮ್ಮ. ನಮ್ಮ ಹಂದಿಗಳೂ ಹಂಗೆ ನೋಡಲ್ಲ."

ಏಪ್ರಿಲ್ ೨೩

ಪಟ್ಟು ಸಿಕ್ಕಿದೆ. ಹೆಸರು ಹಿಡಿದು ಕರೆಯುವುದು. ಸ್ವಲ್ಪ ಮುಂದಕ್ಕೆ ಬಾಗುವುದು. ಅವರ ಕಣ್ಣು ತುಂಬಿದ ಕೂಡಲೇ, "ಇದು ನಿಮಗೆಷ್ಟು ಕಷ್ಟದ ಸಮಯ ಅಂತ ನನಗೆ ಅರ್ಥವಾಗುತ್ತೆ" ಎನ್ನುವುದು. ಆಮೇಲೆ ಕಾನೂನು. ಅಂಕ ಏರುತ್ತಿದೆ. ಡೆಲಿತ್ ಒಬ್ಬರೇ ಒಪ್ಪುವುದಿಲ್ಲ.

"ನೀನು ತಲೆಯಾಡ್ಸೋದು ನೋಡಿದ್ರೆ ನನಗೇ ಭಯ ಆಗುತ್ತೆ," ಎಂದರು.

ಮೇ ೧೪

ಇವತ್ತಿನ ನಟನ ಮುಂದೆ ಎಲ್ವಿನ್ ಏನೂ ಅಲ್ಲ!

ಡೆಲಿತ್ ಮೆರ್ಥರ್ ಕೋರ್ಟಿಗೆ ಹೋಗಿದ್ದರು. ಎರಡು ಗಂಟೆಗೆ ಕೆಳಗಿನ ಬೆಂಚಿನಲ್ಲಿ ಒಬ್ಬ ಮುದುಕ ಕೂತಿದ್ದ. ಟೈ ಕಟ್ಟಿ, ಬೂಟು ಉಜ್ಜಿಕೊಂಡು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡಿದ್ದ. ಸ್ವೆಟರಿನ ಮೊಣಕೈ ಬೇರೆ ಬಣ್ಣದ ಉಣ್ಣೆಯಲ್ಲಿ ರಿಪೇರಿಯಾಗಿತ್ತು. ವೇಷಕ್ಕೇ ಪೂರ್ತಿ ಅಂಕ ಕೊಡಬೇಕು. ಹೆಸರು ಇಡ್ವಾಲ್ ಬೈನನ್, ಮನೆ ಕುಮಾಮನ್ ಗುಡ್ಡದ ಮೇಲೆ ಎಂದ. ಒಳಗೆ ಕರೆದು ಕೂರಿಸಿದೆ.

ಕಥೆ ಹೀಗಿತ್ತು. ಗ್ಲೆನಿಸ್ ಎಂಬಾಕೆಯ ಜೊತೆ ಮೂವತ್ತು ವರ್ಷಕ್ಕೂ ಮೇಲೆ ಒಂದೇ ಮನೆಯಲ್ಲಿ ಬಾಳಿದ್ದಾನೆ. ಮನೆ ಅವಳ ಹೆಸರಿನಲ್ಲಿ. ಮದುವೆಯಾಗಲಿಲ್ಲ, ಆಗಿದ್ದರೆ ಅವಳ ಮೊದಲ ಗಂಡನ ಗಣಿ ಪಿಂಚಣಿ ನಿಂತುಹೋಗುತ್ತಿತ್ತು. ಕಳೆದ ಶರತ್ಕಾಲದಲ್ಲಿ ಗ್ಲೆನಿಸ್ ಸತ್ತಳು. ಉಯಿಲಿಲ್ಲ. ಅವಳ ಅಣ್ಣನ ಮಗ ಐವರ್ ಜನವರಿಯಲ್ಲಿ ಆಸ್ತಿಯ ಅಧಿಕಾರಪತ್ರ ತೆಗೆದುಕೊಂಡು, ಮನೆ ಖಾಲಿ ಮಾಡಿ ಅನ್ನುತ್ತಿದ್ದಾನೆ.

"ಇಷ್ಟು ವರ್ಷ ಒಟ್ಟಿಗಿದ್ರೆ ಮದುವೆ ಆದಂಗೇ ಅಲ್ವಾ ತಾಯಿ? ನಮ್ಮ ಬೀದೀಲಿ ಎಲ್ಲರೂ ಹಂಗೇ ಅಂತಾರೆ," ಎಂದ.

ಈ ಬಲೆಗೆ ಬೀಳುವವಳಲ್ಲ ನಾನು. "ಇಲ್ಲ. ಅದು ಜನರ ತಪ್ಪು ತಿಳಿವಳಿಕೆ. ಎಷ್ಟು ವರ್ಷವಿದ್ದರೂ ಮದುವೆಯಾದಂತಲ್ಲ. ನಿಮಗೆ ತಾನಾಗಿ ಏನೂ ಬರೋದಿಲ್ಲ," ಎಂದೆ. ಆಮೇಲೆ, ಹೀಗೆ ಜೊತೆಗೆ ಬಾಳಿದವರು ಆಸ್ತಿಯಿಂದ ಜೀವನಾಧಾರ ಕೊಡಿಸಿ ಎಂದು ನ್ಯಾಯಾಲಯವನ್ನು ಕೇಳಬಹುದು ಎಂದೂ, ಅಧಿಕಾರಪತ್ರ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂದೂ ವಿವರಿಸಿದೆ. ಒಂದಕ್ಷರ ತಪ್ಪಿಲ್ಲ.

ಅಷ್ಟರಲ್ಲಿ ಅವನು ಶವಸಂಸ್ಕಾರದ ಮಾತಿಗೆ ಹೋಗಿದ್ದ. ಐವರ್ ಮೊದಲ ಸಾಲಿನಲ್ಲಿ ಕೂತನಂತೆ. ಇವನಿಗೆ ಹಿಂದಿನ ಬೆಂಚು. ಹೊರಗೆ ಬಾಗಿಲಲ್ಲಿ ಎಲ್ಲರೂ ಐವರ್‌ನ ಕೈ ಕುಲುಕಿ, "ನಿಮಗಾದ ನಷ್ಟಕ್ಕೆ ದುಃಖವಾಯಿತು" ಎಂದರಂತೆ. "ನಂಗೆ ಯಾರೂ ಏನೂ ಅನ್ಲಿಲ್ಲ ತಾಯಿ. ನಾನು ಯಾರು ಅಂತ ಅವರಾದ್ರೂ ಏನಂತ ಹೇಳ್ತಾರೆ," ಎಂದವನು ಅಳತೊಡಗಿದ. ನಾನು ಮುಂದಕ್ಕೆ ಬಾಗಿ ನನ್ನ ವಾಕ್ಯ ಹೇಳಿದೆ.

ಕೊನೆಗೆ ಕೈ ಕೊಟ್ಟು, "ತುಂಬಾ ಚೆನ್ನಾಗಿ ಮಾಡಿದ್ರಿ. ಚಾಪೆಲ್ ಭಾಗ ಅದ್ಭುತ. ಅಳು ಮಾತ್ರ ಸ್ವಲ್ಪ ಬೇಗ ಬಂತು, ಇನ್ನೊಂಚೂರು ತಡೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು," ಎಂದೆ.

ಅವನು ನನ್ನನ್ನೇ ನೋಡಿದ. ಟೋಪಿ ತೆಗೆದುಕೊಂಡು ಎದ್ದ. "ಆಗ್ಲಿ ತಾಯಿ," ಎಂದಷ್ಟೇ ಹೇಳಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಕಿಟಕಿಯಿಂದ ನೋಡಿದರೆ ಬಸ್ ನಿಲ್ದಾಣದಲ್ಲೂ ಅದೇ ಪಾತ್ರದಲ್ಲಿ ನಿಂತಿದ್ದ. ಟೋಪಿ ಕೈಯಲ್ಲೇ ಇತ್ತು, ಒಂದು ಬಸ್ಸು ಬಂದು ಹೋದರೂ ಹತ್ತಲಿಲ್ಲ. ಎಂಥ ಕಲಾವಿದ! ಇಂಥವನು ಕುಮಾಮನ್ ಗುಡ್ಡದ ಮೇಲೆ ಯಾರಿಗೂ ಗೊತ್ತಿಲ್ಲದೆ ಇದ್ದಾನಲ್ಲ. ಅಮ್ಮನಿಗೆ ಊಟದ ಹೊತ್ತಿನಲ್ಲಿ ಪೂರ್ತಿ ಅಭಿನಯಿಸಿ ತೋರಿಸಿದೆ.

ಮೇ ೧೫

ಅವರು ನಟರಲ್ಲ.

ಬೆಳಿಗ್ಗೆ ಮಾಂಸದಂಗಡಿ ಮುಂದೆ ಎಲ್ವಿನ್ ಸಿಕ್ಕಿ, "ನಿನ್ನೆ ನಮ್ಮೋರು ಯಾರೂ ಬರೋಕಾಗ್ಲಿಲ್ಲ ಕಣಮ್ಮ, ಬರ್ಬೇಕಿದ್ದ ಮಾರ್ಫಿಡ್‌ಗೆ ಶೀತ. ಡೆಲಿತ್‌ಗೆ ಫೋನಲ್ಲಿ ಮೆಸೇಜ್ ಬಿಟ್ಟಿದ್ದೆ," ಎಂದ. ಕಚೇರಿಗೆ ಓಡಿದೆ.

ಡೆಲಿತ್ ಬಾಗಿಲು ಹಾಕಿ ಪೂರ್ತಿ ಕೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕಾನೂನು ಸರಿಯಾಗಿ ಹೇಳಿದ್ದೀಯ."

"ಹೌದು."

"ಅದು ಅವರ ಕಿವಿಗೆ ಬಿದ್ದಿರುತ್ತಾ?"

ಬೀಳುವ ಮೊದಲೇ ನಾನು ಅವರ ಅಳುವಿಗೆ ಅಂಕ ಹಾಕಿದ್ದೆ. ಅವರು ಇನ್ನೆಂದೂ ಯಾವ ವಕೀಲರ ಮೆಟ್ಟಿಲೂ ಹತ್ತದಿದ್ದರೆ ಜುಲೈ ದಾಟುತ್ತದೆ, ಮನೆ ಹೋಗುತ್ತದೆ. ಕ್ಷಮೆ ಕೇಳಿ ಕಾಗದ ಬರೆಯಲೇ ಎಂದೆ.

"ಕಾಗದ ಬೇಡ, ಫೋನೂ ಬೇಡ. ಹೋಗು."

"ಹೋಗಿ ಏನು ಹೇಳ್ಲಿ?"

"ಮೊದ್ಲು ಬಾಗಿಲು ತೆಗೀತಾರಾ ನೋಡು."

ಮೇ ೧೬

ತೆಗೆದರು.

ಸ್ವಲ್ಪ ಹೊತ್ತು ನನ್ನನ್ನು ನೋಡಿ, "ಹೋದ್ಸಲ ಅಳು ಬೇಗ ಬಂತು ಅಂದ್ಯಲ್ಲ. ಇವತ್ತು ತಡೀತೀನಿ. ಒಳಗೆ ಬಾ," ಎಂದರು. ನನಗೆ ಅಲ್ಲೇ, ಹೊಸ್ತಿಲ ಮೇಲೆಯೇ ಅಳು ಬಂತು. ನನ್ನದೂ ಬೇಗವೇ ಬಂತು.

ಸಕ್ಕರೆ ಸುರಿದ ಚಹಾ ಕೊಟ್ಟರು. ಒಣದ್ರಾಕ್ಷಿ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟರು. ನಾನು ಪರೀಕ್ಷೆ, ನಾಟಕ ಸಂಘ, ಗುರುವಾರ ಎಲ್ಲಾ ಹೇಳಿದೆ. ಕೇಳಿ ಕೇಳಿ ಕೆಮ್ಮು ಬರುವಷ್ಟು ನಕ್ಕರು. "ಎಲ್ವಿನ್‌ನ ನಾಟಕ ನೋಡಿದ್ದೀನಿ ನಾನು. ಅವನಿಗಿಂತ ಚೆನ್ನಾಗಿ ಮಾಡ್ದೆ ಅಂತೀಯಾ? ಗ್ಲೆನಿಸ್ ಇದ್ದಿದ್ರೆ ಬೀದಿಗೆಲ್ಲ ಹೇಳ್ಕೊಂಡು ಬರೋಳು," ಎಂದರು.

ಆಮೇಲೆ ಇಬ್ಬರೂ ಸುಮ್ಮನೆ ಕೂತೆವು. ನನಗೆ ಕೇಳಬೇಕಾದ ಪ್ರಶ್ನೆಗಳು ಚೀಲದಲ್ಲಿ ಬರೆದಿದ್ದವು, ತೆಗೆಯಲು ನಾಚಿಕೆಯಾಯಿತು. ಎದುರು ಮನೆಯವರು ಕುರಿ ಕಾಯುವ ನಾಯಿಯನ್ನು ಕೂಗುತ್ತಿದ್ದುದು ಕೇಳುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಅವರೇ ಬಾಯಿ ತೆರೆದರು.

"ಅವಳ ತಲೆಗೆ ಬಣ್ಣ ಹಚ್ತಿದ್ದೋನು ನಾನು. ತಿಂಗಳಿಗೊಂದ್ಸಲ, ಆ ಸಿಂಕಿನ ಹತ್ರ ಕುರ್ಚಿ ಹಾಕ್ಕೊಂಡು. ಗ್ಲೆನಿಸ್ ಕೂದಲು ಇನ್ನೂ ಬೆಳ್ಳಗಾಗಿಲ್ಲ ಅಂತ ಚಾಪೆಲ್ ಹೆಂಗಸರಿಗೆಲ್ಲ ಹೊಟ್ಟೆಕಿಚ್ಚು. ನನ್ನ ಬೆರಳು ಮಾತ್ರ ವಾರಗಟ್ಟಲೆ ಕಂದು."

"ಇದನ್ನ ಹೇಳಿಕೇಲಿ ಬರೀಬಹುದಾ? ನೀವು ಹೇಗೆ ಬಾಳಿದ್ರಿ ಅಂತ ನ್ಯಾಯಾಧೀಶರಿಗೆ ಗೊತ್ತಾಗಬೇಕು."

"ಜಡ್ಜಿಗೆ ಹೇಳು, ಊರಿಗೂ ಹೇಳು. ಅವಳು ಈಗ ಏನ್ಮಾಡ್ತಾಳೆ?" ಎಂದು ನಕ್ಕು, ಚಹಾ ಲೋಟ ಬದಿಗಿಟ್ಟು ಇನ್ನೊಂದು ವಿಷಯ ಹೇಳಿದರು. ಹೇಳಿ ಮುಗಿಸಿ, "ಇದು ನಿಂಗೆ ಮಾತ್ರ. ಕಾಗದದ ಮೇಲೆ ಬೇಡ," ಎಂದರು.

ಸರಿ ಎಂದಿದ್ದೇನೆ. ಈ ದಿನಚರಿಯೂ ಕಾಗದವೇ.

ರಾತ್ರಿ ಅಮ್ಮ ಕುತೂಹಲದಿಂದ ಕಾದಿದ್ದಳು. "ಏನಂದ್ನೇ ನಿನ್ನ ಕಲಾವಿದ?"

"ಚಹಾ ಕೊಟ್ರು."

"ಆಮೇಲೆ?"

"ಬ್ರೆಡ್ಡು ಕೊಟ್ರು."

"ಅಯ್ಯೋ, ಬಾಯಿಗೆ ಬೀಗ ಹಾಕ್ಕೊಂಡು ಬಂದಿದ್ದಾಳಪ್ಪ," ಎಂದು ಅಮ್ಮ ತಟ್ಟೆ ಎತ್ತಿದಳು. ಆಮೇಲೂ ಎರಡು ಸಲ ನನ್ನ ಮುಖ ನೋಡಿದಳು. ನನಗೆ ಹುಷಾರು ತಪ್ಪಿದೆ ಅಂದುಕೊಂಡಿರಬೇಕು.

ಜೂನ್ ೧೮

ಇಡ್ವಾಲ್ ಅವರ ಅರ್ಜಿ ನ್ಯಾಯಾಲಯಕ್ಕೆ ಹೋಯಿತು. ಗಡುವಿಗೆ ಮೊದಲೇ. ಡೆಲಿತ್ ಸಹಿ ಹಾಕಿದರು, ಬರೆದವಳು ನಾನು.

ಆ ಕಾಯಿದೆಯನ್ನು ಎಷ್ಟು ಸಲ ಬಾಯಿಪಾಠ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ಮೊನ್ನೆ ಅದರ ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಹಾಗೇ ಕೂತುಬಿಟ್ಟೆ. ಮದುವೆಯಾಗದಿದ್ದರೂ ಗಂಡ ಹೆಂಡತಿಯಂತೆ ಒಂದೇ ಮನೆಯಲ್ಲಿ ಬಾಳಿದವರು ಎಂದು ಅದರಲ್ಲಿದೆ. ನಾನು ಹುಟ್ಟುವ ಮೊದಲೇ, ಎಲ್ಲೋ ಲಂಡನ್ನಿನಲ್ಲಿ, ಯಾರೋ ಕೂತು ಈ ಮಾತು ಸೇರಿಸಿದ್ದಾರೆ. ಅವರಿಗೆ ಇಡ್ವಾಲ್ ಗೊತ್ತಿರಲಿಲ್ಲ, ಸಿಂಕಿನ ಪಕ್ಕದ ಕುರ್ಚಿ ಗೊತ್ತಿರಲಿಲ್ಲ. ಆದರೂ ಹಿಂದಿನ ಬೆಂಚಿನಲ್ಲಿ ಹೀಗೊಬ್ಬರು ಕೂತಿರುತ್ತಾರೆ ಎಂದು ಅವರಿಗೆ ಹೊಳೆದಿತ್ತು. ಮೈ ಜುಮ್ಮೆಂದಿತು. ಆರು ವರ್ಷ ಈ ಪುಸ್ತಕವನ್ನು ಹೊತ್ತು ತಿರುಗಿದ್ದೇನೆ, ಒಳಗೆ ಇಷ್ಟು ಜನರಿದ್ದಾರೆ ಎಂದು ತಿಳಿದಿರಲಿಲ್ಲ.

ಪರೀಕ್ಷೆಗೆ ಓದುವುದು ಬಹಳ ಹಿಂದೆ ಬಿದ್ದಿದೆ.

ಜುಲೈ ೨೨

ಕಾರ್ಡಿಫ್. ಬರೆಯುವ ಪತ್ರಿಕೆಗಳು, ವಾದ, ಎಲ್ಲಾ ಮುಗಿದು ಇವತ್ತು ಕಕ್ಷಿದಾರರ ಸರದಿ.

ಉದ್ದ ಓಣಿ, ಎರಡೂ ಕಡೆ ಮುಚ್ಚಿದ ಬಾಗಿಲುಗಳು. ಪ್ರತಿ ಬಾಗಿಲ ಮುಂದೆ ಒಬ್ಬೊಬ್ಬರು, ಕಪ್ಪು ಕೋಟು ತೊಟ್ಟ ನನ್ನ ವಯಸ್ಸಿನವರು. ಯಾರೂ ಮಾತಾಡುತ್ತಿರಲಿಲ್ಲ. ಪಕ್ಕದ ಹುಡುಗನ ತುಟಿ ಅಲುಗುತ್ತಿತ್ತು, ಅವನೂ ನನ್ನ ಹಳೆಯ ವಾಕ್ಯವನ್ನೇ ಹೇಳಿಕೊಳ್ಳುತ್ತಿದ್ದನೋ ಏನೋ. ಎಲ್ಲರಿಗೂ ಒಂದೇ ಪ್ರಶ್ನೆ ಕೊಡುತ್ತಾರೆ. ಅಂದರೆ ಆ ಅಷ್ಟೂ ಬಾಗಿಲುಗಳ ಹಿಂದೆ ಒಂದೇ ಹೆಸರಿನ, ಒಂದೇ ಕಥೆಯ ಮನುಷ್ಯರು, ಒಂದೇ ದುಃಖ ಹಿಡಿದುಕೊಂಡು, ಯಾರಾದರೂ ಒಳಗೆ ಬರಲಿ ಎಂದು ಕಾಯುತ್ತಾ ಕೂತಿದ್ದರು. ಹೋದ ಸಲವೂ ಇದೇ ಓಣಿಯಲ್ಲಿ ನಿಂತಿದ್ದೆ, ಆಗ ಇದು ಕಣ್ಣಿಗೇ ಬಿದ್ದಿರಲಿಲ್ಲ. ಗಂಟೆ ಹೊಡೆಯಿತು, ಎಲ್ಲಾ ಬಾಗಿಲುಗಳೂ ಒಮ್ಮೆಲೇ ತೆರೆದವು. ಚಾಪೆಲ್ ಒಳಗೆ ಹೋಗುವಾಗ ಆಗುವ ಹಾಗೆ ನನ್ನೊಳಗಿನ ಸದ್ದೆಲ್ಲ ಅಡಗಿತು.

ಒಳಗಿನದನ್ನು ಯಾರಿಗೂ ಹೇಳುವುದಿಲ್ಲ ಎಂದು ಸಹಿ ಹಾಕಿದ್ದೇನೆ. ಸಹಿ ಇಲ್ಲದಿದ್ದರೂ ಹೇಳುತ್ತಿರಲಿಲ್ಲ ಬಿಡಿ, ಒಳಗೆ ಕಕ್ಷಿದಾರರಾಗಿ ಕೂತಿದ್ದ ಆಕೆ ನಂಬಿ ಹೇಳಿದ್ದು. ಒಂದು ಕಡೆ ಮಾತು ನಿಂತಿತು. ಆ ನಿಂತ ಮಾತಿನ ಹಿಂದೆ ಏನೋ ಇದೆ ಎಂದು ಕಂಡಿತು. ನಾನು ಪೆನ್ನು ಕೆಳಗಿಟ್ಟು ಕಾದೆ. ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಆಮೇಲೆ ಆಕೆ ಅದನ್ನು ಹೇಳಿದರು.

ಅಷ್ಟರಲ್ಲಿ ಸಮಯ ಮುಗಿಯುತ್ತಾ ಬಂದಿತ್ತು. ತೆರಿಗೆಯ ಒಂದು ಮುಖ್ಯ ಅಂಶ ಕೇಳಲೇ ಇಲ್ಲ. ಅದು ನೆನಪಾಗಿದ್ದು ಮನೆಗೆ ಬರುವ ರೈಲಿನಲ್ಲಿ, ಪಾಂಟಿಪ್ರಿಡ್ ದಾಟಿದ ಮೇಲೆ. ಮತ್ತೆ ಫೇಲಾದೆನೇನೋ. ಆದರೆ ಅದರ ನಡುವೆಯೂ ಆಕೆಯದೇ ಯೋಚನೆ. ಎಲ್ಲಾ ನಟನೆ ಎಂದು ಗೊತ್ತು. ಆದರೂ ಆ ಹೆಂಗಸು ಇವತ್ತು ಒಬ್ಬರೇ ಮನೆಗೆ ಹೋಗುತ್ತಾರೋ, ಮನೆಯಲ್ಲಿ ಯಾರಾದರೂ ಇದ್ದಾರೋ.

ಅಕ್ಟೋಬರ್ ೯

ಇದನ್ನು ಬರೆಯಬಹುದು, ಏಕೆಂದರೆ ಇಡ್ವಾಲ್ ಅವರೇ ಮಾರುಕಟ್ಟೆಯ ನಡುವೆ ನಿಂತು ಎಲ್ಲರಿಗೂ ಸಾರಿದ್ದಾರೆ. ಐವರ್ ರಾಜಿಗೆ ಒಪ್ಪಿದ. ಇಡ್ವಾಲ್ ಬದುಕಿರುವ ತನಕ ಆ ಮನೆ ಅವರದು. ಹೇಳಿಕೆಯನ್ನು ಪೂರ್ತಿ ಓದಿದ ಮೇಲೆ ಐವರ್ ತನ್ನ ವಕೀಲರಿಗೆ ಹೇಳಿದನಂತೆ, ಅತ್ತೆಯ ಕೂದಲು ನಿಜವಾದದ್ದೇ ಅಂದುಕೊಂಡಿದ್ದೆ ಎಂದು.

"ಈಗ ಯಾರಾದ್ರೂ ನೀನ್ಯಾರು ಅಂದ್ರೆ ತೋರ್ಸೋಕೆ ಕಾಗದ ಇದೆ ನಂಗೆ," ಎಂದರು ಇಡ್ವಾಲ್. ಆಮೇಲೆ ಎಲ್ಲರೆದುರೇ ಟೋಪಿ ತೆಗೆದು ನನಗೆ ತಲೆ ಬಾಗಿಸಿದರು. ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎಂದಾಯಿತು. ಎಪ್ಪತ್ತು ದಾಟಿದ ಮನುಷ್ಯ, ನನ್ನಂಥವಳಿಗೆ.

ನವೆಂಬರ್ ೨೬

ಪಾಸು. ಕಕ್ಷಿದಾರರ ಭಾಗದಲ್ಲೇ ಎಲ್ಲಕ್ಕಿಂತ ಹೆಚ್ಚು. ಡೆಲಿತ್ ಅತ್ತರು, ಎಲ್ವಿನ್ ಹಂದಿಯ ಒಂದು ತೊಡೆ ಮಾಂಸ ಕಳಿಸಿದ. ಬೆಳಿಗ್ಗೆ ಬಂದ ಫಲಿತಾಂಶವನ್ನು ಮಧ್ಯಾಹ್ನ ನೋಡಿದೆ. ಮೌಂಟನ್ ಆ್ಯಶ್ ಕಡೆಯ ಕಕ್ಷಿದಾರರೊಬ್ಬರು ಎದುರು ಕೂತಿದ್ದರು, ಅವರು ಮಾತು ಮುಗಿಸಿರಲಿಲ್ಲ.

ಡಿಸೆಂಬರ್ ೧೧

ಇವತ್ತು ನಾಲ್ಕೂವರೆಗೆ ಹೊಸ ಕಕ್ಷಿದಾರರು ಎಂದು ಕೆಳಗಿನಿಂದ ಹೇಳಿ ಕಳಿಸಿದರು. ಹೆಸರು ಮಿಸೆಸ್ ಪ್ಯೂ. ಈ ಕಣಿವೆಯಲ್ಲಿ ಪ್ಯೂಗಳು ಬೇಕಾದಷ್ಟಿದ್ದಾರೆ, ನನಗೇನೂ ಅನ್ನಿಸಲಿಲ್ಲ.

ಬಾಗಿಲು ತೆರೆದು ಒಳಗೆ ಬಂದವಳು ಅಮ್ಮ. ಚಾಪೆಲ್‌ಗೆ ಹಾಕುವ ನೀಲಿ ಕೋಟು ಹಾಕಿದ್ದಳು. ಕೂದಲು ಮಾಡಿಸಿಕೊಂಡಿದ್ದಳು. ಬೆಳಿಗ್ಗೆ ನನಗೆ ರೊಟ್ಟಿ ಸುಟ್ಟು ಕೊಟ್ಟವಳು, ಒಂದು ಮಾತು ಹೇಳಿರಲಿಲ್ಲ. ಕಕ್ಷಿದಾರರ ಕುರ್ಚಿಯ ತುದಿಯಲ್ಲಿ ಕೂತು, ಕೈಚೀಲ ತೆರೆದು ಬಸ್ ಪಾಸನ್ನು ಮೇಜಿನ ಮೇಲಿಟ್ಟಳು.

"ಹೊಸಬರು ಗುರುತಿನ ಚೀಟಿ ತರ್ಬೇಕಂತೆ. ಫೋನಲ್ಲಿ ಹೇಳಿದ್ರು."

ನಾನು ಆ ಪಾಸನ್ನು ಎತ್ತಿ ಫೋಟೋ ನೋಡಿದೆ, ಅವಳನ್ನು ನೋಡಿದೆ. ಬೇರೆಯವರಿಗೆ ಹೇಗೋ ಹಾಗೇ ವಾಪಸ್ಸು ಕೊಟ್ಟೆ. ನಗು ಬರಲಿಲ್ಲ.

"ಸ್ವಂತ ಮನೆಯವರ ಕೇಸು ನಾನು ನಡೆಸೋ ಹಾಗಿಲ್ಲಮ್ಮ. ಡೆಲಿತ್ ನೋಡ್ಕೋಬೇಕಾಗುತ್ತೆ," ಎಂದೆ.

"ನಡ್ಸೋದು ಅವರೇ ನಡ್ಸಲಿ. ಮೊದಲು ನಿಂಗೆ ಹೇಳ್ಬೇಕು."

"ಹೇಳಿ," ಎಂದೆ. ಜೀವನದಲ್ಲಿ ಮೊದಲ ಸಲ ಅವಳಿಗೆ ಬಹುವಚನ ಬಂತು, ಅವಳೂ ಬೇಡ ಅನ್ನಲಿಲ್ಲ.

ಅಮ್ಮ ಕೋಟಿನ ಗುಂಡಿ ಒಂದೊಂದಾಗಿ ಬಿಚ್ಚಿದಳು. ಕಿಟಕಿಯ ಹೊರಗೆ ಅಂಗಡಿಗಳ ದೀಪ ಹತ್ತಿಕೊಂಡವು. ಆಮೇಲೆ ಹೇಳಿದಳು, ನಿಲ್ಲಿಸಿದಳು, ಮತ್ತೆ ಹೇಳಿದಳು. ಇಪ್ಪತ್ನಾಲ್ಕು ವರ್ಷ ಒಂದೇ ಮೇಜಿನಲ್ಲಿ ಉಂಡವರು ನಾವು. ಇಷ್ಟು ದೊಡ್ಡದನ್ನು ಎದೆಯಲ್ಲಿಟ್ಟುಕೊಂಡು ಈ ಹೆಂಗಸು ದಿನವೂ ನನ್ನನ್ನು ನಗಿಸುತ್ತಿದ್ದಳಲ್ಲ ಎಂದು ಅವಳನ್ನೇ ನೋಡುತ್ತಾ ಕೂತೆ.

ಒಂದೇ ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಆಲೂಗಡ್ಡೆಯ ವಿಷಯ ಮಾತಾಡಿದೆವು. ಅಮ್ಮ ಈಗ ಒಳಗೆ ಮಲಗಿದ್ದಾಳೆ, ಗೊರಕೆ ಕೇಳುತ್ತಿದೆ.

ಅವಳು ಏನು ಹೇಳಿದಳು ಎಂದು ಇಲ್ಲಿ ಬರೆಯುವುದಿಲ್ಲ.